ನಮ್ಮದು ಯಾವ ಟೀಮು?

ಡೊಂಬಿವಲಿಯವರಿಗೆ ಒಂದು ಕಾಲಕ್ಕೆ ನೆರೂಲ್ ಅಂದರೆ ಪರದೇಶವೇ. ಕುರ್ಲಾಕ್ಕೆ ಹೋಗಿ, ಹಾರ್ಬರ್ ಗಾಡಿ ಹಿಡಿದು, ಖಾಡಿ ದಾಟಿ ಬರಬೇಕಿತ್ತು. 2004ರಲ್ಲಿ ಥಾಣೆ-ವಾಶಿ ಲೋಕಲ್ ಶುರುವಾದ ಮೇಲೆ ಆ ಸುತ್ತಾಟ ತಪ್ಪಿತು. ನೆರೂಲಿನಲ್ಲಿ ಹೆದ್ದಾರಿಯ ಪಕ್ಕದಲ್ಲೇ ಡಿ.ವೈ. ಪಾಟೀಲ್ ಸ್ಟೇಡಿಯಂ ಇದೆ. ಪಕ್ಕದಲ್ಲಿ ಅದೇ ಹೆಸರಿನ ಕಾಲೇಜು, ಆಸ್ಪತ್ರೆ. 2008ರ ಮಾರ್ಚ್ 4ರಂದು ತೆರೆದ ಈ ಸ್ಟೇಡಿಯಮ್ಮಿನ ಛಾವಣಿಗೆ ನೋಟ ತಡೆಯುವ ಕಂಬಗಳಿಲ್ಲ. ಎಲ್ಲಿ ಕೂತರೂ ಆಟ ಕಾಣುತ್ತದೆ.

ಕಟ್ಟಿದ್ದು ಕ್ರಿಕೆಟ್ಟಿಗೆ. ಆದರೆ ನನಗೆ ನೆನಪಿರುವುದು ಇಲ್ಲಿನ ಫುಟ್‌ಬಾಲ್. 2014ರ ಡಿಸೆಂಬರ್ 20ರಂದು ಮೊದಲ ಐ.ಎಸ್.ಎಲ್. ಫೈನಲ್ ನಡೆದದ್ದು ಇಲ್ಲೇ. ಆಡಿದ್ದು ಕೋಲ್ಕತ್ತ ಮತ್ತು ಕೇರಳ. ಮುಂಬಯಿ ಇರಲೇ ಇಲ್ಲ. ಕೊನೆಯ ಗಳಿಗೆಯ ಒಂದು ಗೋಲಿನಿಂದ ಕೋಲ್ಕತ್ತ ಗೆದ್ದಿತು.

2017ರ ಅಕ್ಟೋಬರ್ 6ರಂದು 17 ವರ್ಷದೊಳಗಿನವರ ವಿಶ್ವಕಪ್ ಪಂದ್ಯಕ್ಕೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ನ್ಯೂಜಿಲೆಂಡ್ ಮತ್ತು ಟರ್ಕಿ, 1-1. ನ್ಯೂಜಿಲೆಂಡ್ ಸಣ್ಣ ದೇಶ. 2011ರ ಜನಗಣತಿಯಲ್ಲಿ ನಮ್ಮ ಥಾಣೆ ಜಿಲ್ಲೆಯೊಂದರಲ್ಲೇ ಅದರ ಎರಡು ಪಾಲಿಗಿಂತ ಹೆಚ್ಚು ಜನ, 1 ಕೋಟಿ 10 ಲಕ್ಷ! ಆಟದ ನಡುವೆ ಮೊಮ್ಮಗಳು ಕೇಳಿದಳು, "ಅಜ್ಜಾ, ಇದರಲ್ಲಿ ನಮ್ಮದು ಯಾವ ಟೀಮು?" ಎರಡೂ ಅಲ್ಲ ಮಗಾ ಅಂದೆ. ಆದರೂ ಇಬ್ಬರೂ ನ್ಯೂಜಿಲೆಂಡಿಗೇ ಚಪ್ಪಾಳೆ ಹೊಡೆದೆವು. ಊರು ಬಿಟ್ಟು ದೂರ ಬಂದ ಸಣ್ಣವರ ಮೇಲೆ ನಮ್ಮಂಥವರಿಗೆ ಒಂದು ಮಮತೆ.

2022ರ ಜನವರಿಯಲ್ಲಿ ಮಹಿಳೆಯರ ಏಷ್ಯನ್ ಕಪ್. ಇದೇ ಮೈದಾನದಲ್ಲಿ ಭಾರತದ ಹುಡುಗಿಯರು ಇರಾನ್ ಜೊತೆ 0-0 ಆಡಿದರು. ಮೂರೇ ದಿನಕ್ಕೆ ತಂಡದೊಳಗೆ ಕೊರೋನಾ ಹಬ್ಬಿ, ಆಡಲು ಸಾಕಷ್ಟು ಆಟಗಾರ್ತಿಯರೇ ಇಲ್ಲದೆ ಭಾರತ ಟೂರ್ನಿಯಿಂದಲೇ ಹೊರಬಿತ್ತು. ಆತಿಥ್ಯ ನಮ್ಮದು, ಆಟ ಬೇರೆಯವರದು. ಫೆಬ್ರವರಿ 6ರಂದು ಇಲ್ಲೇ ಚೀನಾ 3-2ರಿಂದ ದಕ್ಷಿಣ ಕೊರಿಯಾವನ್ನು ಸೋಲಿಸಿ ಕಪ್ ಒಯ್ದಿತು.

ಸ್ವಂತ ಮನೆಯಲ್ಲೇ ಹೊರಗಾಗುವುದು ಅಂದಾಗ ನನಗೆ ಈ ನೆಲದ ಆಗ್ರಿ, ಕೋಳಿ ಜನ ನೆನಪಾಗುತ್ತಾರೆ. 1970ರಲ್ಲಿ ಸಿಡ್ಕೊ ಹುಟ್ಟಿತು. ಹೊಸ ನಗರಕ್ಕೆಂದು 95 ಹಳ್ಳಿಗಳ ಗದ್ದೆ, ಉಪ್ಪಿನ ಆಗರ ಹೋದವು. 1984ರ ಜನವರಿಯಲ್ಲಿ ಉರಣ್ ಕಡೆಯ ಜಾಸಯಿಯಲ್ಲಿ ದಿ.ಬಾ. ಪಾಟೀಲರ ಹಿಂದೆ ರೈತರು ಬೀದಿಗಿಳಿದರು. ಗೋಲಿಬಾರಿಗೆ ಐವರು ಬಲಿಯಾದರು. ಕೊನೆಗೆ, ಕಳೆದುಕೊಂಡ ಜಮೀನಿನ ಲೆಕ್ಕದಲ್ಲಿ ಶೇ. 12.5ರಷ್ಟು ಅಭಿವೃದ್ಧಿಯಾದ ನಿವೇಶನ ಕೊಡುವ ಯೋಜನೆ ಬಂತು. ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಅದು ನೂರಕ್ಕೆ ಹನ್ನೆರಡೂವರೆ ಅಷ್ಟೇ.

ನಾವು ಊರು ಬಿಟ್ಟು ಬಂದೆವು, ಬೇಕಾದಾಗ ಹೋಗಿ ನೋಡಿ ಬರಬಹುದು. ಅವರು ಎಲ್ಲಿಗೂ ಹೋಗಲಿಲ್ಲ. ಊರೇ ಅವರ ಕಾಲಡಿಯಿಂದ ಸರಿದು ಹೋಯಿತು. ಪರವೂರು ಅಂತ ಹಾಡಿಕೊಂಡು ಅಳುವ ನಾವು ಇದನ್ನು ಮರೆಯಬಾರದು. ಮೊಮ್ಮಗಳು ಹುಟ್ಟಿದ್ದು ಇಲ್ಲೇ, ಡೊಂಬಿವಲಿಯಲ್ಲಿ. ಅವಳ ಟೀಮನ್ನು ಅವಳೇ ಆರಿಸಿಕೊಳ್ಳಲಿ. ಮೈದಾನ ಮಾತ್ರ ಯಾರ ಊರಿನಲ್ಲಿದೆ ಅನ್ನುವುದು ಅವಳಿಗೆ ಗೊತ್ತಿರಲಿ.