ಮರಳಿ ನೆಟ್ಟ ಹಲ್ಲು

ಹಾಲುಹಲ್ಲು ಬಿದ್ದಾಗ ಅದನ್ನು ಸಗಣಿಯುಂಡೆಯಲ್ಲಿಟ್ಟು ಮನೆಯ ಮಾಡಿನ ಮೇಲೆ ಎಸೆಯುವುದು ಹಳ್ಳಿಗಳ ಹಳೆಯ ವಾಡಿಕೆ. ಹೊಸ ಹಲ್ಲು ಬರುವುದು ಖಚಿತವಾದುದರಿಂದ ಆ ಎಸೆತದಲ್ಲಿ ದುಃಖವಿಲ್ಲ. ಆದರೆ ಏಳೆಂಟರ ವಯಸ್ಸಿನಲ್ಲಿ ಮೂಡುವ ಮೇಲ್ದವಡೆಯ ಬಾಚಿಹಲ್ಲು ಹೋದರೆ ಹೋದಂತೆಯೇ.

ಹದಿಮೂರು ವರ್ಷದ ಹುಡುಗನೊಬ್ಬನು ಮನೆಯ ಮುಂದಿನ ಬಯಲಿನಲ್ಲಿ ಕಬಡ್ಡಿಯಾಡುವಾಗ ಎದುರಾಳಿಯ ಮೊಣಕೈ ತಗುಲಿ ಅಂಥ ಹಲ್ಲೊಂದನ್ನು ಬೇರುಸಹಿತ ಕಳೆದುಕೊಂಡನು. ಮಣ್ಣಿನಲ್ಲಿ ಬಿದ್ದಿದ್ದ ಅದನ್ನು ಅಜ್ಜಿ ಕೈಗೆತ್ತಿಕೊಂಡು, ಅಭ್ಯಾಸಬಲದಿಂದ ಮಾಡಿನತ್ತ ನೋಡಿದಳು. ನೆರೆಮನೆಯ ಮೇಷ್ಟ್ರು ಓಡಿಬಂದು, “ಎಸೆಯಬೇಡಿ ಅಮ್ಮಾ, ಒಂದು ಲೋಟ ತಣ್ಣನೆಯ ಹಾಲು ಕೊಡಿ” ಎಂದರು. ಹಲ್ಲನ್ನು ಅಲ್ಲಿಯೇ ಅದರ ಗುಳಿಗೆ ಮರಳಿಸಿದ್ದರೆ ಇನ್ನೂ ಒಳ್ಳೆಯದಿತ್ತು. ಆದರೆ ನೋವಿನಿಂದ ಕಂಗೆಟ್ಟ ಹುಡುಗನು ಬಾಯಿ ತೆರೆಯಲೊಲ್ಲನು.

ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವೊಂದುಂಟು. ಹಲ್ಲು ಕಿತ್ತುಬಂದಾಗ ಅದರ ಒಂದು ಭಾಗ ಬೇರಿಗೇ ಅಂಟಿಕೊಂಡು ಬರುತ್ತದೆ. ಅದರ ಜೀವಕೋಶಗಳು ಒಣಗಾಳಿಯಲ್ಲಿ ಒಂದು ಗಂಟೆಯೊಳಗೆ ಬಹುಮಟ್ಟಿಗೆ ಸಾಯುತ್ತವೆ. ನೀರಿನಲ್ಲಿ ನೆನೆಯಿಟ್ಟರೆ ಉಬ್ಬಿ ಒಡೆಯುತ್ತವೆ. ಹಾಲಿನಲ್ಲಿಯೋ ಕೆಲಕಾಲ ಬದುಕಿರುತ್ತವೆ. ಬೇರನ್ನು ಉಜ್ಜಿ ತೊಳೆಯುವ ಶುಚಿತ್ವವೂ ಇಲ್ಲಿ ಅಪಾಯವೇ.

ಪಟ್ಟಣದ ದಂತವೈದ್ಯರು ಹಲ್ಲನ್ನು ಗುಳಿಯಲ್ಲಿ ಕೂರಿಸಿ, 0.4 ಮಿಲಿಮೀಟರಿಗೂ ತೆಳುವಾದ ತಂತಿಯೊಂದನ್ನು ಅದಕ್ಕೂ ಅಕ್ಕಪಕ್ಕದ ಹಲ್ಲುಗಳಿಗೂ ಅಂಟಿಸಿದರು. ಅಜ್ಜಿಗೆ ನಂಬಿಕೆ ಬರಲಿಲ್ಲ. “ಇನ್ನಷ್ಟು ಬಿಗಿಯಬಾರದೆ ಸ್ವಾಮಿ?” ಎಂದಳು.

ಅದು ಅಜ್ಜಿಯೊಬ್ಬಳ ಸಂದೇಹವಲ್ಲ. ಸಡಿಲವಾದ ಹಲ್ಲನ್ನು ಚಿನ್ನದ ತಂತಿಯಿಂದ ಕಟ್ಟುವ ವಿಧಾನವನ್ನು ಸಾವಿರ ವರ್ಷಗಳ ಹಿಂದೆಯೇ ಕಾರ್ಡೋಬಾದ ವೈದ್ಯ ಅಲ್ ಜಹ್ರಾವಿ ಬರೆದಿಟ್ಟಿದ್ದನು. ಇಪ್ಪತ್ತನೆಯ ಶತಮಾನದಲ್ಲಿಯೂ ಮರಳಿ ನೆಟ್ಟ ಹಲ್ಲನ್ನು ವಾರಗಟ್ಟಲೆ ಅಲುಗದಂತೆ ಬಿಗಿಯುತ್ತಿದ್ದರು. ಡೆನ್ಮಾರ್ಕಿನ ಆಂಡ್ರಿಯಾಸೆನ್ 1975ರಲ್ಲಿ ಪ್ರಕಟಿಸಿದ, ಕೋತಿಗಳ ಮೇಲಿನ ಪರೀಕ್ಷೆಗಳು ಆ ಕಟ್ಟಿನಿಂದ ನಾರಿನ ಪದರಕ್ಕೆ ಲಾಭವಿಲ್ಲವೆಂದು ತೋರಿಸಿದವು. ಹಲ್ಲು ತುಸುವೂ ಅಲುಗದಿದ್ದರೆ ಮೂಳೆ ಬೇರಿಗೆ ಬೆಸೆದುಕೊಂಡು, ವರ್ಷಗಳಲ್ಲಿ ಅದನ್ನೇ ಕರಗಿಸಿಬಿಡಬಹುದು. ಆದುದರಿಂದಲೇ ಈಗ ಬಳುಕುವ ತಂತಿ, ಅದೂ ಎರಡು ವಾರ ಮಾತ್ರ. ಅಷ್ಟರೊಳಗೆ ಹಲ್ಲಿನ ಒಳಗಿನ ಸತ್ತ ತಿರುಳನ್ನು ತೆಗೆಯುವ ಚಿಕಿತ್ಸೆಯೂ ಆರಂಭವಾಗಬೇಕು.

ಆ ದಿನಗಳಲ್ಲಿ ಹುಡುಗನಿಗೆ ರಾಗಿಮುದ್ದೆಯೇ ಆಹಾರ. ಮುದ್ದೆಯನ್ನು ಅಗಿಯುವ ಪದ್ಧತಿಯೇ ಇಲ್ಲವಾದುದರಿಂದ ತೊಂದರೆಯಾಗಲಿಲ್ಲ. ತಂತಿ ಬಿಚ್ಚಿದ ದಿನ ಅವನು ನಾಲಿಗೆಯಿಂದ ಹಲ್ಲನ್ನು ಮೆಲ್ಲನೆ ಒತ್ತಿ, “ಅಜ್ಜೀ, ಅಲುಗುತ್ತದೆ!” ಎಂದು ಬೆದರಿದನು.

“ಅಷ್ಟು ಅಲುಗಲಿ” ಎಂದ ವೈದ್ಯರು, ಮತ್ತೆ ಬಂದು ತೋರಿಸಬೇಕಾದ ದಿನವನ್ನು ಚೀಟಿಯಲ್ಲಿ ಬರೆದುಕೊಟ್ಟರು.