ಬೇಡ ಎಂದವನ ಲೆಕ್ಕ



ಕಳೆದ ವಾರ ಒಂದು ಮದುವೆಯ ಸಲುವಾಗಿ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗಿದ್ದೆ. ಊಟ ಮುಗಿಸಿ, ಮರಳುವ ಬಸ್ಸಿಗೆ ಕಾಯುತ್ತ, ಟ್ಯಾಕ್ಸಿಗಳು ನಿಲ್ಲುವ ಜಾಗದ ಪಕ್ಕದ ಚಹಾದಂಗಡಿಯಲ್ಲಿ ಕುಳಿತಿದ್ದೆ. ಅಲ್ಲೊಬ್ಬ ತರುಣ ತಾನು ಕೊಳ್ಳಬೇಕೆಂದಿರುವ ಕಾರಿನ ಚಿತ್ರವನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದ. ನೆರೆತ ಗಡ್ಡದ ಹಿರಿಯ ಚಾಲಕರೊಬ್ಬರು ಚಿತ್ರವನ್ನು ಪೂರ್ತಿ ನೋಡಲೂ ಇಲ್ಲ. "ಅದೊಂದ ಬುಟ್ಟು ಬ್ಯಾರೆ ಯಾವ್ದಾರ ತಕ್ಕ, ಮಗ" ಎಂದರು. ತರುಣನ ಮುಖ ಬಾಡಿತು. ನನಗೆ ಮಾತ್ರ ಹಳೆಯ ಗಾಯವೊಂದನ್ನು ಮುಟ್ಟಿದಂತಾಯಿತು. ಆ ಗಾಯದ ಕಥೆಯನ್ನು ಇಂದು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಒಬ್ಬನಿಗೆ ಇದು ಚೆನ್ನಾಗಿ ಗೊತ್ತು.

ಬಾಡಿಗೆ ಕಾರು ಓಡಿಸುವವರ ಬಳಿ 'ಕೊಳ್ಳಬಾರದ ಕಾರುಗಳ' ಪಟ್ಟಿಯೊಂದು ಯಾವಾಗಲೂ ಇರುತ್ತದೆ. ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಬಾಯಿಂದ ಬಾಯಿಗೆ ಸಾಗುತ್ತಿರುತ್ತದೆ. ನಾನು ಗುಂಡ್ಲುಪೇಟೆಯಲ್ಲಿ ಪಾಠ ಹೇಳಲು ತೊಡಗಿದ ಕಾಲದಲ್ಲಿ ಈ ಪಟ್ಟಿಗೆ ಹೆಚ್ಚು ಕೆಲಸವಿರಲಿಲ್ಲ. ಆಗ ಇದ್ದದ್ದೇ ಎರಡು ಮೂರು ಬಗೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ತಯಾರಾದ ಅಂಬಾಸಿಡರ್. ಇಟಲಿಯ ಫಿಯೆಟ್ ಕಾರನ್ನು ಮುಂಬಯಿಯಲ್ಲಿ ತಯಾರಿಸಿ, ಆಮೇಲೆ ಪದ್ಮಿನಿ ಎಂದು ಹೆಸರಿಟ್ಟದ್ದು. ಇವೆರಡೂ ಆಗದವರಿಗೆ ಜೀಪು. ನಮ್ಮ ಚಾಲಕರ ಒಲವೆಲ್ಲ ಅಂಬಾಸಿಡರಿನ ಕಡೆಗೆ. ಅದು ಸುಂದರವೆಂದಲ್ಲ, ವೇಗದ್ದೆಂದೂ ಅಲ್ಲ. ಚಾಲಕ ಬಾಗಿಲಿಗೆ ಒತ್ತಿಕೊಂಡು ಅರ್ಧ ಸೀಟಿನಲ್ಲಿ ಕುಳಿತರೆ ಎಂಟೊಂಬತ್ತು ಜನ ಹಿಡಿಸುತ್ತಿದ್ದರು. ಕೆಟ್ಟರೆ ತೆರಕಣಾಂಬಿಯಲ್ಲಿಯೋ ಬೇಗೂರಿನಲ್ಲಿಯೋ ಯಾರಾದರೊಬ್ಬ ಮೆಕ್ಯಾನಿಕ್ ಸುತ್ತಿಗೆ, ಸ್ಪ್ಯಾನರುಗಳಿಂದಲೇ ಅದನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ.

ಈ ಪಟ್ಟಿ ಕೆಲವೊಮ್ಮೆ ತಪ್ಪುತ್ತಿತ್ತು ಎಂಬುದನ್ನೂ ಹೇಳಬೇಕು. 1983ರ ಡಿಸೆಂಬರಿನಲ್ಲಿ ಮಾರುತಿ 800 ಮಾರುಕಟ್ಟೆಗೆ ಬಂದಾಗ, ನಮ್ಮೂರಿನ ಚಾಲಕರು ಅದನ್ನು 'ಬೆಂಕಿಪೊಟ್ಟಣ' ಎಂದು ನಕ್ಕಿದ್ದರು. ಮೂರೇ ಸಿಲಿಂಡರಿನ ಯಂತ್ರ, ತೆಳ್ಳಗಿನ ತಗಡು; ಇದು ಊಟಿಯ ಘಾಟಿ ಹತ್ತೀತೇ ಎಂಬುದು ಅವರ ಪ್ರಶ್ನೆ. ಹತ್ತಿತು. ಕೆಲವೇ ವರ್ಷಗಳಲ್ಲಿ ನಕ್ಕವರೇ ಅದನ್ನು ಕೊಂಡರು. 1985ರಲ್ಲಿ ಮದರಾಸಿನ ಸ್ಟಾಂಡರ್ಡ್ ಕಂಪನಿಯಿಂದ 'ಸ್ಟಾಂಡರ್ಡ್ 2000' ಎಂಬ ದೊಡ್ಡ ಕಾರು ಬಂದಾಗ ಮಾತ್ರ ಪಟ್ಟಿ ತಪ್ಪಲಿಲ್ಲ. ಹೊರಗೆ ವಿಲಾಯತಿ ರೋವರ್ ಕಾರಿನ ಠೀವಿ, ಒಳಗೆ ಹಳೆಯ ಕಾಲದ ಎಂಜಿನ್, ಮೇಲೆ ಪೆಟ್ರೋಲಿನ ಹಸಿವು. ಮೂರು ವರ್ಷಗಳಲ್ಲಿ ಅದು ನಿಂತೇ ಹೋಯಿತು. ನಮ್ಮ ಕಡೆಯ ರಸ್ತೆಗಳಲ್ಲಿ ಅಂಥದೊಂದನ್ನೂ ಕಂಡ ನೆನಪು ನನಗಿಲ್ಲ.

ಇಷ್ಟೆಲ್ಲ ಕಂಡಿದ್ದರೂ ನಾನು ಆ ಪಟ್ಟಿಯನ್ನು ಗೌರವಿಸಲಿಲ್ಲ. ಅದಕ್ಕೊಂದು ಕಾರಣವಿತ್ತು. ಆ ಕಾರಣ ನಮ್ಮ ಚಾಮರಾಜನಗರವೇ.

ನಮ್ಮ ಊರಿಗೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ಮೂಢನಂಬಿಕೆ ನಿಮಗೆಲ್ಲ ತಿಳಿದದ್ದೇ. ಅರಸು, ಗುಂಡೂರಾವ್, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲರ ಹೆಸರುಗಳನ್ನು ಜನ ಬೆರಳು ಮಡಿಸಿ ಎಣಿಸುತ್ತಿದ್ದರು. ಆಮೇಲೆ ಬಂದ ಕೆಲವು ಮುಖ್ಯಮಂತ್ರಿಗಳು ಊರಿನ ಕಡೆ ತಲೆ ಹಾಕಲಿಲ್ಲ. ನಾನು ತರಗತಿಯಲ್ಲಿ ಪಾಠ ನಿಲ್ಲಿಸಿ ಈ ವಿಷಯ ಎತ್ತಿಕೊಳ್ಳುತ್ತಿದ್ದೆ. ಅರಸರು 1980ರಲ್ಲಿ ಹೋದದ್ದು ಇಂದಿರಾ ಗಾಂಧಿಯವರು ಮತ್ತೆ ಗೆದ್ದುದರಿಂದ. ಗುಂಡೂರಾಯರು 1983ರಲ್ಲಿ ಹೋದದ್ದು ಚುನಾವಣೆಯಲ್ಲಿ ಸೋತು. ಹೆಗಡೆಯವರು 1988ರಲ್ಲಿ ಹೋದದ್ದು ದೂರವಾಣಿ ಕದ್ದಾಲಿಕೆಯ ಹಗರಣದಿಂದ. ಬೊಮ್ಮಾಯಿಯವರ ಸರಕಾರವನ್ನು 1989ರಲ್ಲಿ ಕೇಂದ್ರ ವಜಾ ಮಾಡಿತು. ಪಾಟೀಲರನ್ನು 1990ರಲ್ಲಿ ಅವರ ಪಕ್ಷವೇ ಇಳಿಸಿತು. "ಐದಕ್ಕೂ ಬೇರೆ ಬೇರೆ ಕಾರಣ ಇರುವಾಗ ನಮ್ಮ ಊರು ಏನು ಮಾಡಿತು, ಹೇಳಿ?" ಎಂದು ಕೇಳುತ್ತಿದ್ದೆ. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಇಲ್ಲಿಗೆ ಬಂದು, 2018ರವರೆಗೆ ಐದು ವರ್ಷ ಪೂರೈಸಿದಾಗ ನಾನೇ ಪರೀಕ್ಷೆಯಲ್ಲಿ ಪಾಸಾದಷ್ಟು ಸಂತೋಷಪಟ್ಟೆ.

ಹೀಗೆ ಒಂದು ಊರಿಗೆ ಅಂಟಿದ ಕೆಟ್ಟ ಹೆಸರನ್ನು ಒರೆಸುತ್ತ ಬಂದವನಿಗೆ, 'ಅದು ಬೇಡ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೂಢನಂಬಿಕೆಯ ವಾಸನೆಯೇ ಬರುತ್ತಿತ್ತು. ನನ್ನ ತಪ್ಪು ಹುಟ್ಟಿದ್ದು ಅಲ್ಲಿ.

ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಗುಂಡ್ಲುಪೇಟೆಯಲ್ಲಿ ಬೇರೆಯವರ ಕಾರು ಓಡಿಸುತ್ತಿದ್ದವನು. ಸ್ವಂತ ಕಾರು ಕೊಳ್ಳಲು ಬ್ಯಾಂಕಿನ ಸಾಲಕ್ಕೆ ನನ್ನ ಜಾಮೀನು ಬೇಕಿತ್ತು. ಸಂತೋಷದಿಂದ ಒಪ್ಪಿದೆ. ಯಾವ ಕಾರು ಎಂದು ಕೇಳಿದಾಗ, ಎಲ್ಲರ ಬಳಿಯೂ ಇರುವಂಥ ಒಂದು ಸಾಧಾರಣ ಕಾರಿನ ಹೆಸರು ಹೇಳಿದ. ನಾನು ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಅದೇ ತಿಂಗಳು ಮೈಸೂರಿನಲ್ಲಿ ನೆಂಟರೊಬ್ಬರ ಹೊಸ ಕಾರಿನಲ್ಲಿ ಓಡಾಡಿ ಬಂದಿದ್ದೆ. ಮೆತ್ತನೆಯ ಆಸನ, ತಣ್ಣನೆಯ ಗಾಳಿ, ಬೆಲೆಯಲ್ಲಿ ದೊಡ್ಡ ರಿಯಾಯಿತಿ. ಬಂಡೀಪುರ ನೋಡಲು ಬರುವ ಪ್ರವಾಸಿಗರು ಅಂಥದನ್ನೇ ಕೇಳುತ್ತಾರೆ, ಅದನ್ನೇ ಕೊಳ್ಳು ಎಂದೆ.

ಅವನು ತಲೆ ಕೆರೆದುಕೊಂಡ. "ಅದ ನಮ್ಮ ಸ್ಟ್ಯಾಂಡಲ್ಲಿ ಯಾರೂ ತಕ್ಕಳಲ್ಲ, ಮೇಷ್ಟ್ರೇ. ಕಾಡಲ್ಲಿ ನಿಂತೋದ್ರ ಯಾರು ಬಂದು ರಿಪೇರಿ ಮಾಡಾರು?" ಎಂದ. ಮತ್ತೆ, ಮೆಲ್ಲಗೆ, "ಶೋರೂಮಿನೋರು ಈಗ ಕೊಡ್ತೀವಿ ಅಂತಿರೋ ನಂಬರ್ ಕೂಡಿದ್ರ ಎಂಟು ಬತ್ತದ" ಎಂದು ಸೇರಿಸಿದ.

ವಾಹನದ ನಂಬರಿನ ಅಂಕಿಗಳನ್ನು ಕೂಡಿದಾಗ ಎಂಟು ಬಂದರೆ ಅದು ಶನಿಯ ಸಂಖ್ಯೆ, ಕೇಡು ಎಂಬ ಭಾವನೆ ನಮ್ಮವರಲ್ಲಿ ಬಹಳ. ಆ ಎಂಟು ನನ್ನ ಕೈಗೆ ಸಿಕ್ಕಿದ್ದೇ ತಡ, ನಾನು ಮತ್ತೆ ಮೇಷ್ಟ್ರಾದೆ. ಅಂಕಿಗೂ ಅಪಘಾತಕ್ಕೂ ಏನು ಸಂಬಂಧ? ನಿನಗೆ ಕಲಿಸಿದ ಗಣಿತ ಇದೇನೋ? ಮುಖ್ಯಮಂತ್ರಿಗಳು ಹೆದರಿದ ಹಾಗೆ ನೀನೂ ಹೆದರುತ್ತೀಯಾ? ಅವನಿಗೆ ನಾಚಿಕೆಯಾಗುವಂತೆ ಮಾತಾಡಿದೆ. ಅವನು ಹೇಳಿದ್ದು ಎರಡು ಮಾತು. ಎರಡನೆಯದು ಮೂಢನಂಬಿಕೆ, ಮೊದಲನೆಯದು ಅನುಭವ. ನಾನು ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಆಚೆ ಎಸೆದುಬಿಟ್ಟೆ. ಗುರುವಿನ ಎದುರು, ಅದೂ ಜಾಮೀನಿಗೆ ಸಹಿ ಹಾಕುವ ಗುರುವಿನ ಎದುರು, ಎಷ್ಟು ವಾದ ಮಾಡಿಯಾನು? ನಾನು ಹೇಳಿದ ಕಾರನ್ನೇ ಕೊಂಡ.

ಒಂದು ವರ್ಷ ಚೆನ್ನಾಗಿ ಓಡಿತು. ಆಮೇಲೊಂದು ಸಂಜೆ, ಊಟಿಯಿಂದ ಒಂದು ಸಂಸಾರವನ್ನು ಕರೆದುಕೊಂಡು ಬರುತ್ತಿದ್ದಾಗ, ತೆಪ್ಪಕಾಡು ದಾಟಿದ ಮೇಲೆ ಕಾಡಿನ ನಡುವೆ ಸದ್ದಿಲ್ಲದೆ ನಿಂತಿತು. ಟ್ಯಾಂಕಿಯಿಂದ ಎಂಜಿನ್ನಿಗೆ ಇಂಧನ ಎತ್ತುವ ಪಂಪು ಕೆಟ್ಟಿತ್ತು. ಅದು ವಿದ್ಯುತ್ತಿನಿಂದ ನಡೆಯುವ ಪಂಪು. ಸುತ್ತಿಗೆ, ಸ್ಪ್ಯಾನರಿಗೆ ಬಗ್ಗುವುದಲ್ಲ. ಬಂಡೀಪುರದ ಕಾಡಿನಲ್ಲಿ ವಾಹನದಿಂದ ಇಳಿಯುವಂತಿಲ್ಲ. 2009ರಿಂದ ರಾತ್ರಿ ಒಂಬತ್ತಕ್ಕೆ ಗೇಟು ಹಾಕಿದರೆ ಬೆಳಗಿನ ಆರರವರೆಗೆ ಸಂಚಾರವೂ ಇಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ, ಕಾರಿನಲ್ಲಿ ಎರಡು ಎಳೆಯ ಮಕ್ಕಳು, ಅನತಿ ದೂರದಲ್ಲಿ ಬಿದಿರು ಮುರಿಯುವ ಸದ್ದು. ಹಿಂದೆ ಬಂದ ಬಸ್ಸಿನವರು ಆ ಸಂಸಾರವನ್ನು ಹತ್ತಿಸಿಕೊಂಡರು. ಇವನು ಕಾರಿನಲ್ಲಿ ಒಬ್ಬನೇ ಕುಳಿತು, ಕಡೆಗೆ ಒಂದು ಜೀಪಿನವರು ಹಗ್ಗ ಕಟ್ಟಿ ಎಳೆದುಕೊಂಡು ಬಂದಾಗ ಗೇಟು ಹಾಕಲು ಸ್ವಲ್ಪವೇ ಹೊತ್ತು ಉಳಿದಿತ್ತಂತೆ.

ಗುಂಡ್ಲುಪೇಟೆಯಲ್ಲಿ ಆ ಪಂಪು ಇರಲಿಲ್ಲ. ಅರವತ್ತು ಕಿಲೋಮೀಟರ್ ದೂರದ ಮೈಸೂರಿನಲ್ಲಿಯೂ ಇರಲಿಲ್ಲ. ಬೆಂಗಳೂರಿನಿಂದ ಬರಲು ಹನ್ನೊಂದು ದಿನ ಹಿಡಿಯಿತು. ಹನ್ನೊಂದು ದಿನ ಬಾಡಿಗೆ ಇಲ್ಲ. ಬ್ಯಾಂಕಿನ ಕಂತು ಮಾತ್ರ ತನ್ನ ದಿನಕ್ಕೆ ತಪ್ಪದೆ ಬಂತು. ಹೀಗೆ ಇನ್ನೂ ಎರಡು ಸಲ ಆಯಿತು. ಅಷ್ಟರಲ್ಲಿ ಆ ಮಾದರಿಯ ತಯಾರಿಕೆಯೇ ನಿಂತಿತು. ಮಾರಲು ಹೋದರೆ ಸಾಲದ ಬಾಕಿಗೂ ಸಾಲದ ಬೆಲೆ. ಕಾರು ಮಾರಿ ಅವನು ಮತ್ತೆ ಬೇರೆಯವರ ಲಾರಿ ಹತ್ತಿದ. ಉಳಿದ ಸಾಲಕ್ಕೆ ಅವನ ಹೆಂಡತಿಯ ಬಳೆಗಳು ಹೋದವೆಂದು ನನಗೆ ಬಹಳ ತಡವಾಗಿ ತಿಳಿಯಿತು. ಜಾಮೀನುದಾರನಾದ ನನ್ನ ಬಾಗಿಲಿಗೆ ಬ್ಯಾಂಕಿನವರು ಒಂದು ದಿನವೂ ಬರದಂತೆ ಅವನು ನೋಡಿಕೊಂಡಿದ್ದ.

ಆ ಕಾರು ಯಾವುದೆಂದು ಹೇಳುವುದಿಲ್ಲ. ಮೇಲೆ ಹೆಸರಿಸಿದ್ದರಲ್ಲೂ ಇಲ್ಲ, ಮುಂದೆ ಹೆಸರಿಸುವುದರಲ್ಲೂ ಇಲ್ಲ. ತಪ್ಪು ಕಾರಿನದಕ್ಕಿಂತ ನನ್ನದು.

ಆಮೇಲೆ ನಾನು ಚಾಲಕರ ಮಾತುಗಳನ್ನು ಕಿವಿಗೊಟ್ಟು ಕೇಳತೊಡಗಿದೆ. ಸ್ವಂತ ಓಡಾಟಕ್ಕೆ ಕಾರು ಕೊಳ್ಳುವ ನಮ್ಮಂಥವರು ಕಣ್ಣಿಂದ ಕೊಳ್ಳುತ್ತೇವೆ. ಹೊಟ್ಟೆಪಾಡಿಗೆ ಕೊಳ್ಳುವವನು ಮೂರು ಪ್ರಶ್ನೆ ಕೇಳುತ್ತಾನೆ: ಕೆಟ್ಟರೆ ಎಷ್ಟು ದಿನ ನಿಲ್ಲುತ್ತದೆ? ಬಿಡಿಭಾಗ ಎಷ್ಟು ದೂರದಲ್ಲಿದೆ? ಮಾರುವ ದಿನ ಎಷ್ಟು ಬರುತ್ತದೆ? ಕಂಪನಿಯೇ ಬಾಗಿಲು ಹಾಕಿದರೆ ಮೂರಕ್ಕೂ ಉತ್ತರ ಒಂದೇ. ಕೊರಿಯಾದ ಡೇವೂ ಕಂಪನಿ 1995ರಲ್ಲಿ ಸಿಯೆಲೊ, 1998ರಲ್ಲಿ ಮಾಟಿಜ್ ಕಾರುಗಳನ್ನು ನಮ್ಮ ದೇಶಕ್ಕೆ ತಂದಿತು. ಮೂಲ ಕಂಪನಿಯೇ ದಿವಾಳಿಯಾಗಿ ಕೆಲವೇ ವರ್ಷಗಳಲ್ಲಿ ಇಲ್ಲಿನ ಕಾರ್ಖಾನೆ ನಿಂತಿತು. ಷೆವರ್ಲೆ ಕಾರುಗಳ ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ ಕಂಪನಿ 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ಬಿಡುವುದಾಗಿ ಸಾರಿತು. ಈ ಕಾರುಗಳಲ್ಲಿ ಒಳ್ಳೆಯವೂ ಇದ್ದವು. ಆದರೆ ಸುದ್ದಿ ಬಂದ ಮರುದಿನವೇ ಹಳೆಯ ಕಾರಿನ ಬೆಲೆ ಇಳಿಯುತ್ತದೆ. ಆ ನಷ್ಟ ಬೀಳುವುದು ಕೊಂಡವನ ತಲೆಯ ಮೇಲೆ.

ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ರೇವಾ ಎಂಬ ವಿದ್ಯುತ್ ಕಾರಿನ ಉದಾಹರಣೆ ನೋಡಿ. 2001ರಲ್ಲಿ ಬಂತು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು ಎಂಬತ್ತು ಕಿಲೋಮೀಟರ್. ಬೆಂಗಳೂರಿನೊಳಗೆ ಅದು ಸಾಕು. ಗುಂಡ್ಲುಪೇಟೆಯವನಿಗೆ? ಮೈಸೂರಿಗೆ ಹೋಗಬಹುದು, ಬರಲಾಗದು! ಬೇಡವೆಂದವನು ಮೂಢನಲ್ಲ, ನನಗಿಂತ ಚೆನ್ನಾಗಿ ಕೂಡಿಸಿ ಕಳೆಯುವವನು.

ಆದರೂ ಪ್ರತಿ 'ಬೇಡ'ವೂ ಲೆಕ್ಕವಲ್ಲ. 2008ರ ಜನವರಿಯಲ್ಲಿ ಟಾಟಾ ನ್ಯಾನೊ ಕಾರನ್ನು ಲೋಕಕ್ಕೆ ತೋರಿಸಿದಾಗ, ಸ್ಕೂಟರಿನ ಮೇಲೆ ಮಳೆಯಲ್ಲಿ ನೆನೆಯುವ ಸಂಸಾರಗಳಿಗೆ ಒಂದು ಲಕ್ಷದ ಕಾರು ಎಂದು ನಾನೂ ಹಿಗ್ಗಿದ್ದೆ. ಕೆಲವಕ್ಕೆ ಬೆಂಕಿ ಹತ್ತಿದ ಸುದ್ದಿ ಹೆದರಿಸಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಅದನ್ನು ಕೊಂದದ್ದು 'ಎಲ್ಲಕ್ಕಿಂತ ಅಗ್ಗದ ಕಾರು' ಎಂಬ ಹೆಸರು. ಅಗ್ಗವೆಂಬ ಮಾತನ್ನೇ ಮುಂದಿಟ್ಟು ಮಾರಿದ್ದು ತಪ್ಪಾಯಿತೆಂದು ರತನ್ ಟಾಟಾ ಅವರೇ ಒಪ್ಪಿಕೊಂಡರು. ಬಡವನ ಕಾರೆಂದು ಹೆಸರಾದದ್ದನ್ನು ಬಡವನೂ ಮನೆಯ ಮುಂದೆ ನಿಲ್ಲಿಸಲು ಇಷ್ಟಪಡಲಿಲ್ಲ. 2018ರ ಹೊತ್ತಿಗೆ ಅದರ ತಯಾರಿಕೆ ಬಹುಮಟ್ಟಿಗೆ ನಿಂತಿತು. ಅದು ನಮ್ಮ ಚಾಮರಾಜನಗರಕ್ಕೆ ಬಂದಂಥ ಕೆಟ್ಟ ಹೆಸರೇ ಸರಿ.

ಹಾಗಾದರೆ ಯಾವುದು ಲೆಕ್ಕ, ಯಾವುದು ಬರೀ ಭಯ? ತಿಳಿಯುವ ಉಪಾಯ ಬಹಳ ಸುಲಭ. 'ಯಾಕಪ್ಪಾ?' ಎಂದು ಕೇಳಬೇಕು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಉತ್ತರಕ್ಕೆ ಕಾಯಬೇಕು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರಶ್ನೆ ಕೇಳುವುದನ್ನೇ ಕಲಿಸಿದ ನಾನು, ಆ ದಿನ ನನ್ನ ಶಿಷ್ಯನ ಉತ್ತರ ಕೈಯಲ್ಲಿದ್ದರೂ ಅದನ್ನು ತಿದ್ದದೆಯೇ ಸೊನ್ನೆ ಕೊಟ್ಟೆ.

ಸಾಲ ತೀರಿದ ದಿನ ಅವನು ಬ್ಯಾಂಕಿನ ಪತ್ರ ಹಿಡಿದು ನಮ್ಮ ಮನೆಗೆ ಬಂದಿದ್ದ. ಜಾಮೀನಿನಿಂದ ನಿಮ್ಮ ಹೆಸರು ಬಿಟ್ಟಿದೆ, ನೋಡಿಕೊಳ್ಳಿ ಮೇಷ್ಟ್ರೇ ಎಂದ. ಒಂದು ದೂರಿನ ಮಾತೂ ಇಲ್ಲ. ನಾನೂ ಏನೂ ಹೇಳಲಿಲ್ಲ, ಕಾಫಿ ಕೊಟ್ಟೆ. ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯಿತು.

ಕೆಲವು ವರ್ಷಗಳ ನಂತರ ಅವನು ಮತ್ತೆ ಸ್ವಂತ ಕಾರು ಕೊಂಡ. ಈ ಸಲ ನನ್ನನ್ನು ಕೇಳಲಿಲ್ಲ. ಸ್ಟ್ಯಾಂಡಿನವರೆಲ್ಲ ಒಪ್ಪುವ ಮಾದರಿ, ಎರಡನೆಯ ಕೈಯದು, ಕೆಎ 10ರ ನಮ್ಮ ಜಿಲ್ಲೆಯದೇ ನೋಂದಣಿ. ಪೂಜೆಗೆ ಕರೆದಿದ್ದ. ಮುಂದೆ ನಿಂತು ಅಭ್ಯಾಸಬಲದಿಂದ ನಂಬರಿನ ಅಂಕಿಗಳನ್ನು ಕೂಡಿದೆ. ಎಂಟು! ಅವನ ಮುಖ ನೋಡಿದೆ. "ಎಂಟು ಅಂತ ಯಾರೂ ಕೇಳ್ನಿಲ್ಲ, ಮೇಷ್ಟ್ರೇ, ಕಮ್ಮಿಗೆ ಸಿಕ್ತು. ನೀವು ಅವತ್ತು ಅದೊಂದ ಸರಿಯಾಗಿ ಹೇಳಿದ್ರಿ" ಎಂದು ನಕ್ಕ.

ಅದೊಂದ! ನಾನು ಒಂದೇ ಬುಟ್ಟಿಗೆ ಹಾಕಿದ್ದನ್ನು ಅವನು ಬೇರೆ ಮಾಡಿಕೊಂಡಿದ್ದ. ಆ ಕಾರು ಇಂದಿಗೂ ಊಟಿಯ ಘಾಟಿ ಹತ್ತಿ ಇಳಿಯುತ್ತಿದೆ.

ಮೊನ್ನೆ ಚಹಾದಂಗಡಿಯಲ್ಲಿ ಆ ತರುಣನಿಗೆ ನಾನು ಯಾವ ಕಾರಿನ ಹೆಸರನ್ನೂ ಹೇಳಲಿಲ್ಲ. "ಯಾಕೆ ಬೇಡ ಅಂತ ಅವರನ್ನು ಕೇಳು, ಪೂರ್ತಿ ಕೇಳು" ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ಇನ್ನು ನೀನು ಇದನ್ನು ಓದುತ್ತಿದ್ದರೆ, ಮಗೂ, ಕಾಫಿ ಕೊಟ್ಟ ದಿನ ಹೇಳದೆ ಉಳಿದ ಮಾತು ಇದು: ನಿನ್ನ ಉತ್ತರ ಸರಿಯಾಗಿತ್ತು. ತಪ್ಪಿದ್ದು ತಿದ್ದಿದವನದು. ನಿನ್ನ ಹೆಂಡತಿಗೂ ಈ ಮಾತನ್ನು ಓದಿ ಹೇಳು.

ನಿಮ್ಮ ಮೇಷ್ಟ್ರು