ಹುಲ್ಲು ನಂಬಿದ ಹದ್ದುಗಳು

ಬೆಂಗಳೂರಿನ ಮಕ್ಕಳಿಗೆ ಹದ್ದೆಂದರೆ ಮಾಂಸದಂಗಡಿಗಳ ಮೇಲೆ ಸುತ್ತುವ ಕವಲುಬಾಲದ ಕಂದು ಹಕ್ಕಿ. ಆದರೆ ನಗರದಂಚಿನ ಬಡಾವಣೆಗಳ ಖಾಲಿ ನಿವೇಶನಗಳತ್ತ ಒಮ್ಮೆ ಕಣ್ಣು ಹಾಯಿಸಿ. ಕಾಗೆಗಿಂತ ಚಿಕ್ಕದಾದ, ಬೂದು-ಬಿಳಿ ಮೈಯ, ಕಪ್ಪು ಹೆಗಲಿನ, ಕೆಂಗಣ್ಣಿನ ಹಕ್ಕಿಯೊಂದು ವಿದ್ಯುತ್ ತಂತಿಯ ಮೇಲೆ ಕುಳಿತಿರಬಹುದು. ಅದೇ ರಾಮದಾಸ ಹದ್ದು. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕೆಳಗೆ ಇಲಿ ಅಲುಗಿದೊಡನೆ ಎರಗುತ್ತದೆ.

ಇದು ದಟ್ಟ ಕಾಡಿನ ಹಕ್ಕಿಯಲ್ಲ, ಬಯಲಿನದು. ಇಂಥ ಹಕ್ಕಿಗಳ ನೆಲೆ ನೋಡಬೇಕಾದರೆ ನಗರದ ವಾಯವ್ಯಕ್ಕಿರುವ ಹೆಸರಘಟ್ಟಕ್ಕೆ ಹೋಗಬೇಕು. 1890ರ ದಶಕದಲ್ಲಿ ಬೆಂಗಳೂರಿಗೆ ನೀರೊದಗಿಸಿದ ಕೆರೆಯ ಆಸುಪಾಸಿನಲ್ಲಿ ಹುಲ್ಲುಗಾವಲು ಹರಡಿದೆ. ಚಳಿಗಾಲದಲ್ಲಿ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ಮಧ್ಯ ಏಷ್ಯಾದಿಂದ ಇಲ್ಲಿಗೆ ಬರುತ್ತವೆ. ಹಗಲು ಹುಲ್ಲಿನ ತುದಿ ಸವರುವಂತೆ ತೇಲಿ ಬೇಟೆಯಾಡಿ, ಸಂಜೆ ಮರವೇರದೆ ಹುಲ್ಲಿನ ನಡುವೆ ನೆಲದಲ್ಲೇ ತಂಗುತ್ತವೆ.

ಮರವಿಲ್ಲದ ನೆಲವೆಲ್ಲ ಬಂಜರೆಂಬುದು ಹಲವರ ತಪ್ಪು ಎಣಿಕೆ. ಇಲ್ಲಿ ಚಿತ್ರನಗರಿ ಕಟ್ಟುವ ಪ್ರಸ್ತಾಪವೂ ಇತ್ತು. ಪರಿಸರಾಸಕ್ತರ ದೀರ್ಘ ಒತ್ತಾಯದ ನಂತರ, 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ 5 ಸಾವಿರ ಎಕರೆಗೂ ಮಿಕ್ಕ ಪ್ರದೇಶವನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿತು. ಕಟ್ಟಡವಷ್ಟೇ ಅಲ್ಲ, ಹಸಿರು ಹೆಚ್ಚಿಸುವ ಉತ್ಸಾಹದಲ್ಲಿ ಇಂಥ ಬಯಲಿನ ತುಂಬ ಸಸಿ ನೆಟ್ಟರೂ ಹುಲ್ಲು ನಂಬಿದ ಹಕ್ಕಿಗೆ ಮನೆ ತಪ್ಪುತ್ತದೆ.

ನೋಡಹೋಗುವವರು ಮುಂಜಾನೆಯೇ ಹೊರಡುವುದು ಒಳಿತು. ಮಕ್ಕಳ ಕೈಯಲ್ಲಿ ದುರ್ಬೀನು, ನೋಟ್‌ಬುಕ್ ಇರಲಿ. ವಾಹನವನ್ನು ಮಾತ್ರ ರಸ್ತೆಯಲ್ಲೇ ಬಿಡಿ. ಹುಲ್ಲಿಗಿಳಿದ ಚಕ್ರದ ಕೆಳಗೆ ನೆಲಗುಬ್ಬಿಯ ಗೂಡಿರಬಹುದು.